ಹಾವಸೆಯ ಉಪಕಾರ
(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಹಾವಸೆಯ ಮೇಲೂ ಒಂದು ಭಾಷಣವೇ ಎಂದು ನೀವು ನಗಬಹುದು. ಬಾವಿಯ ಮೆಟ್ಟಿಲಲ್ಲಿ ಕಾಲು ಜಾರಿಸುವ ಇದರಿಂದ ನಮಗೇನು ಪ್ರಯೋಜನ? ವಿಚಾರ ಮಾಡೋಣ.

ಕೆರೆಯ ನೀರಿನ ಮೇಲೆ ತೇಲುವುದು ಪಾಚಿ. ಗೋಡೆ, ಕಲ್ಲು, ತೊಗಟೆಗಳ ಮೇಲೆ ಹಸುರು ಮಖಮಲ್ಲಿನಂತೆ ಹಬ್ಬುವುದು ಹಾವಸೆ. ಇದಕ್ಕೆ ನಿಜವಾದ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಮೈಯೆಲ್ಲದರಿಂದಲೂ ನೀರು ಹೀರುವುದು. ಧೂಳಿನಂಥ ಕಣಗಳಿಂದ ವಂಶ ಬೆಳೆಸುವುದು.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಕಡೆ ವರ್ಷಕ್ಕೆ ಸುಮಾರು 750 ಮಿ.ಮೀ. ಮಳೆ. ಆದುದರಿಂದ ಇಲ್ಲಿ ಹಾವಸೆಯ ಜಾತಿಗಳು ಕಡಿಮೆ. ಮಳೆಗಾಲದಲ್ಲಿ ಚಿಗುರಿ, ಬೇಸಿಗೆಯಲ್ಲಿ ಕಪ್ಪಾಗಿ ಒಣಗುವುವು. ಸತ್ತವೆಂದು ತಿಳಿಯಬೇಡಿರಿ. ಒಣಗಿದ ಚೂರಿನ ಮೇಲೆ ಒಂದು ತಂಬಿಗೆ ನೀರು ಹಾಕಿರಿ. ಕೆಲವೇ ನಿಮಿಷಗಳಲ್ಲಿ ಎಲೆ ಬಿಚ್ಚಿ ಹಸುರಾಗುವುದು. ಮಕ್ಕಳಿಗೆ ತೋರಿಸತಕ್ಕ ಪಾಠವಿದು.

ಶಿರಸಿಯ ದಾರಿ ಹಿಡಿದು, ದೇವಿಮನೆ ಘಟ್ಟವಿಳಿದು ಕರಾವಳಿಯ ಕಾಡು ಸೇರಿದರೆ ನೋಟವೇ ಬೇರೆ. ಬಂಡೆಗೊಂದು ಜಾತಿ, ತೊಗಟೆಗೊಂದು, ಕೊಳೆತ ದಿಮ್ಮಿಗೊಂದು, ಝರಿಯ ಕಲ್ಲಿಗೊಂದು. ಹಸಿ ಎಲೆಯ ಮೇಲೆಯೇ ಬದುಕುವ ಜಾತಿಗಳೂ ಉಂಟು. ನೆರಳು, ತೇವ ಬದಲಾದಂತೆ ಜಾತಿಯೂ ಬದಲಾಗುವುದು. ಮರ ಕಡಿದು ಬಿಸಿಲು ಬಿದ್ದರೆ ನೆರಳಿನ ಜಾತಿಗಳು ಅಳಿಯುವುವು.

ಅದು ನಮಗೇಕೆ ಎನ್ನುವಿರಾ? ವರದೆ ಹುಟ್ಟುವುದು ಸಾಗರದ ಬಳಿಯ ವರದಾಮೂಲದಲ್ಲಿ. ತುಂಗೆ, ಭದ್ರೆ ಹುಟ್ಟುವುದು ಗಂಗಾಮೂಲದಲ್ಲಿ. ಗಳಗನಾಥದಲ್ಲಿ ವರದೆಯು ತುಂಗಭದ್ರೆಯನ್ನು ಕೂಡುವಳು. ಮಲೆನಾಡಿನ ಕಾಡಿನಲ್ಲಿ ಮಣ್ಣು, ತರಗೆಲೆ, ಹಾವಸೆ ಕೂಡಿ ಮಳೆನೀರನ್ನು ನೆನೆದ ಅರಿವೆಯಂತೆ ಹಿಡಿದು ಮೆಲ್ಲಗೆ ಬಿಡುವುವು. ಆ ಕಾಡಿನ ತೇವವೇ ನಮ್ಮ ಹೊಳೆಯ ನೀರು.

ನಮ್ಮ ಗುಡ್ಡಗಳಲ್ಲಿಯೂ ಮಣ್ಣಿನ ಮೇಲಿನ ತೆಳುವಾದ ಹಾವಸೆಯು ಮಳೆಹನಿಯ ಪೆಟ್ಟನ್ನು ತಾನು ತಾಳಿ ಮಣ್ಣನ್ನು ಕಾಯುವುದು. ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯಿಟ್ಟರೆ ಈ ಹೊದಿಕೆಯೂ ಸುಟ್ಟುಹೋಗುವುದು. ಮುಂದೆ ದೊಡ್ಡ ಮಳೆ ಬಂದಾಗ ಮಣ್ಣು ಕೊಚ್ಚಿ ಕೆರೆಯ ಹೂಳಾಗುವುದು. ಸುಟ್ಟ ನೆಲಕ್ಕೆ ಮೊದಲು ಮರಳುವ ಸಸ್ಯಗಳಲ್ಲಿ ಫ್ಯುನೇರಿಯ ಎಂಬ ಹಾವಸೆಯೂ ಒಂದು. ಆದರೆ ಅದು ಬರುವ ಮುನ್ನ ಹೋದ ಮಣ್ಣು ತಿರುಗಿ ಬಾರದು.

ಆದುದರಿಂದ ಗುಡ್ಡಕ್ಕೂ ಬದುವಿಗೂ ಬೆಂಕಿಯಿಡಬೇಡಿರಿ. ಬಾವಿಯ ಮೆಟ್ಟಿಲನ್ನು ಮಾತ್ರ ತಪ್ಪದೆ ತಿಕ್ಕಿ ತೊಳೆಯಿರಿ. ನೀರಿನ ಟಾಕಿಯ ಗೋಡೆಯ ಮೇಲೆ ಬೇಸಿಗೆಯಲ್ಲಿಯೂ ಹಾವಸೆ ಹಸುರಾಗಿದ್ದರೆ ಎಲ್ಲಿಯೋ ನೀರು ಸೋರುತ್ತಿದೆಯೆಂದು ತಿಳಿದು ದುರಸ್ತಿ ಮಾಡಿಸಿರಿ.

ಗುಡ್ಡದ ಮಣ್ಣು ಗುಡ್ಡದಲ್ಲಿಯೇ ಇರಲಿ, ಕೆರೆಯಲ್ಲಿ ನೀರಿರಲಿ.