ನಮಗೆ ಯಾವುದು ದೊಡ್ಡದು?



ಮದುವೆಯಾಗಿ ಬಂದಾಗ ನಿಮಗೆ ಯಾವುದು ದೊಡ್ಡದಾಗಿತ್ತು? ಈಗ ಯಾವುದು ದೊಡ್ಡದು? ಹೀಗೆ ನಾವು ದೊಡ್ಡದು ಅಂತ ತಿಳಿಯೋದಕ್ಕೆ ಪುಸ್ತಕದಲ್ಲಿ 'ಮೌಲ್ಯ' ಅಂತಾರೆ.

ಹಲಸೂರಿನ ನಮ್ಮ ಬೀದಿಯಲ್ಲಿ ನಾವು ಇದನ್ನೇ ಮಾತಾಡಿದೆವು. ಆಗ ನಮಗೆ ನಾಲ್ಕು ಜನ ಏನಂತಾರೆ ಅನ್ನೋದೇ ದೊಡ್ಡದು. ಶಿವಾಜಿನಗರದಲ್ಲಿ ತಂದ ಹೊಸ ಸೀರೆ ದೊಡ್ಡದು. ಅತ್ತೆಯ ಮುಂದೆ ಬಾಯಿ ತೆರೆಯಬಾರದು. ಗಂಡ ಉಂಡ ಮೇಲೆ ನಮ್ಮ ಊಟ. 40 ದಾಟಿದವರ ಉತ್ತರವೇ ಬೇರೆ. ಮಗಳ ಓದು. ನಮ್ಮ ಹೆಸರಿನ ಪಾಸ್‌ಬುಕ್. ಮಂಡಿ ನೋವಿಲ್ಲದ ಒಂದು ದಿನ. ನಗಬೇಡಿ, ಇದಕ್ಕೇ ಹೆಚ್ಚು ಜನ ಹೌದು ಅಂದರು!

ಗಂಡಸರೂ ಬದಲಾಗ್ತಾರೆ. ಅವರ ದಾರಿ ಬೇರೆ. ಹರೆಯದಲ್ಲಿ ಅವರಿಗೆ ದುಡಿಮೆ, ಸ್ನೇಹಿತರು, ತಮ್ಮ ಮಾತೇ ನಡೆಯಬೇಕು ಅನ್ನೋ ಹಟ. ನಮ್ಮ ಕಡೆ ಕಾರ್ಖಾನೆ ಕೆಲಸ ಅಂದರೆ ಮರ್ಯಾದೆ. ಕೆ.ಆರ್.ಪುರದ ಹತ್ತಿರ 1948ರಲ್ಲಿ ಐ.ಟಿ.ಐ. ಶುರುವಾಯಿತು. ಬೈಯಪ್ಪನಹಳ್ಳಿಯಲ್ಲಿ ಎನ್.ಜಿ.ಇ.ಎಫ್. ಇತ್ತು. ಅದು 2002ರಲ್ಲಿ ಮುಚ್ಚಿತು. ಕೆಲಸ ಹೋದರೆ ಗಂಡಸಿಗೆ ಬರೀ ಸಂಬಳ ಹೋಗಲ್ಲ. 'ನಾನು ಯಾರು' ಅನ್ನೋದೂ ಹೋಗುತ್ತೆ. ಅಂಥ ಹೊತ್ತಿನಲ್ಲಿ ಕೆಲವರು ಕುಡಿತಕ್ಕೆ ಬೀಳ್ತಾರೆ. ಕೆಲವರು ಮನೆಯ ಕಡೆ ತಿರುಗ್ತಾರೆ. ನಮ್ಮ ಬೀದಿಯಲ್ಲಿ ಮೊಮ್ಮಗುವನ್ನು ಎತ್ತಿಕೊಂಡು ಓಡಾಡೋ ತಾತಂದಿರಿದ್ದಾರೆ. ಸ್ವಂತ ಮಗುವನ್ನು ಅವರು ಒಂದು ದಿನ ಎತ್ತಿದವರಲ್ಲ.

ನಮಗೆ ಧೈರ್ಯ ಬರೋ ವಯಸ್ಸಿದೆ. ಅವರು ಮೆತ್ತಗಾಗೋ ವಯಸ್ಸೂ ಇದೆ. ಎರಡೂ ಒಂದೇ ದಿನ ಬರಲ್ಲ. ಜಗಳ ಹುಟ್ಟೋದು ಆ ನಡುವೆಯೇ.

ನಮ್ಮಲ್ಲಿ ಒಬ್ಬಾಕೆ ಇಂದಿರಾನಗರದಲ್ಲಿ ಮನೆಗೆಲಸ ಮಾಡ್ತಾಳೆ. ಚೀಟಿ ಕಟ್ಟಿ ದುಡ್ಡು ಕೂಡಿಸಿದ್ದಳು. ಗಂಡ ಅಂದ, "ಮಗಳಿಗೆ 18 ತುಂಬಿತು. ಆ ದುಡ್ಡಲ್ಲಿ ಮದುವೆ ಮಾಡಿಬಿಡೋಣ." 1978ರ ಕಾನೂನು 18ಕ್ಕೆ ಮುಂಚೆ ಬೇಡ ಅಂತು. 18ಕ್ಕೆ ಮಾಡಲೇಬೇಕು ಅಂತ ಎಲ್ಲಿ ಹೇಳಿದೆ? ಆಕೆ ಅಂದಳು, "ನರ್ಸಿಂಗ್ ಓದಿಸೋಣ." ಹತ್ತು ವರ್ಷದ ಹಿಂದೆ ಆಗಿದ್ದರೆ ಆಕೆಯೇ ಮದುವೆ ಅಂತಿದ್ದಳು. ಆದರೆ ತನ್ನ ಮದುವೆ ಸಾಲ ತೀರಿಸಲು ತಂದೆ ಪಟ್ಟ ಪಾಡು ಈಗೀಗ ನೆನಪಾಗ್ತಿತ್ತು.

ಒಂದು ತಿಂಗಳು ಮನೆಯಲ್ಲಿ ಮಾತಿಲ್ಲ. ಕೊನೆಗೆ ಆಕೆಯೇ ಕೇಳಿದಳು, "ನಿಮಗೆ ಭಯ ಯಾವುದರದು?"

ಆತ ತುಂಬಾ ಹೊತ್ತು ಸುಮ್ಮನಿದ್ದ. "ನಾಳೆ ನಾನಿಲ್ಲದಿದ್ದರೆ ಇವಳಿಗೆ ಯಾರು ಗತಿ?"

"ನನಗೂ ಅದೇ ಭಯ ಕಣ್ರೀ. ಅದಕ್ಕೇ ಓದಿಸೋಣ ಅಂದದ್ದು."

ಮಗಳು ಈಗ ಎರಡನೇ ವರ್ಷ ಓದ್ತಿದ್ದಾಳೆ. ಆತ ಆಗಾಗ ಒಂದೊಂದು ಹುಡುಗನ ಫೋಟೋ ತರ್ತಾನೆ. ಆಕೆ ಬೇಡ ಅನ್ನಲ್ಲ. ತೆಗೆದು ಸಾಸಿವೆ ಡಬ್ಬಿಯ ಹಿಂದೆ ಇಡ್ತಾಳೆ.