ಗಾಲಿಕುರ್ಚಿಯವರಿಗೆ ತಕ್ಕ ವಾಹನ: ಆಯ್ಕೆ ಮತ್ತು ಹಣದ ಏರ್ಪಾಡು



ನಡೆಯಲಾರದ ಮಗುವು ಐದು ವರ್ಷದ್ದಾಗಿರುವಾಗ ತಾಯಿಯ ಕಂಕುಳಲ್ಲಿ ಕುಳಿತು ಎಲ್ಲಿಗಾದರೂ ಹೋಗಿಬರುತ್ತದೆ. ಅದಕ್ಕೆ ಹದಿನೈದು ತುಂಬುವ ವೇಳೆಗೆ ಎತ್ತುವ ತಾಯಿಯ ಸೊಂಟ ಸೋತಿರುತ್ತದೆ. ಕ್ರಮೇಣ ಶಾಲೆ ತಪ್ಪುತ್ತದೆ. ಆರೋಗ್ಯ ಕೇಂದ್ರದ ಭೇಟಿ ಮುಂದಕ್ಕೆ ಬೀಳುತ್ತದೆ. ಜಾತ್ರೆ, ಮದುವೆಗಳ ದಿನ ಮನೆ ಕಾಯುವ ಕೆಲಸ ಅದರ ಪಾಲಿಗೆ ಉಳಿಯುತ್ತದೆ. ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ಇಂತಹ ಕುಟುಂಬಗಳು ಸಮೀಪದ ಓಡಾಟಕ್ಕೆಂದು ಸಣ್ಣ ಕಾರನ್ನೋ ವ್ಯಾನನ್ನೋ ಕೊಳ್ಳಲು ಯೋಚಿಸುವುದು ಸಹಜ. ಈ ವಿಷಯವನ್ನು ಪತಿಪತ್ನಿಯರು ಒಟ್ಟಿಗೆ ಕುಳಿತು ವಿಚಾರ ಮಾಡತಕ್ಕದ್ದು. ಕುರ್ಚಿಯಲ್ಲಿ ಕೂರುವವರನ್ನೂ ಆ ಮಾತುಕತೆಗೆ ಸೇರಿಸಿಕೊಳ್ಳಿ, ಪ್ರಯಾಣ ಅವರದಲ್ಲವೇ?

ಮೊದಲ ಪ್ರಶ್ನೆ ಇದು: ಅವರು ಕುರ್ಚಿಯಿಂದ ವಾಹನದ ಆಸನಕ್ಕೆ ಸರಿದು ಕೂರಬಲ್ಲರೇ, ಇಲ್ಲವೇ ಕುರ್ಚಿಸಮೇತ ಒಳಗೆ ಹೋಗಬೇಕೇ? ತೋಳುಗಳಲ್ಲಿ ಬಲವಿದ್ದು ಸರಿಯಬಲ್ಲವರಿಗೆ ಸಾಮಾನ್ಯ ಕಾರೇ ಸಾಕಾಗಬಹುದು. ಅದರ ಬಾಗಿಲು ಅಗಲವಾಗಿ ತೆರೆಯಬೇಕು. ಆಸನವು ಗಾಲಿಕುರ್ಚಿಯ ಆಸನದಷ್ಟೇ ಎತ್ತರದಲ್ಲಿರಬೇಕು. ಮಡಿಸಿದ ಕುರ್ಚಿಗೆ ಹಿಂದೆ ಸ್ಥಳವಿರಬೇಕು. ನುಣುಪಾದ ಗಟ್ಟಿ ಹಲಗೆಯೊಂದನ್ನು ಎರಡು ಆಸನಗಳ ನಡುವೆ ಸೇತುವೆಯಂತಿಟ್ಟರೆ ಎತ್ತುವ ಶ್ರಮ ಬಹುಮಟ್ಟಿಗೆ ತಪ್ಪುತ್ತದೆ. ಈ ಕ್ರಮವನ್ನು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗದಲ್ಲಿ ಕಲಿತುಕೊಳ್ಳಿ. ಇದನ್ನು ಪರೀಕ್ಷಿಸಿ ನೋಡದೆ ದೊಡ್ಡ ವಾಹನಕ್ಕೆ ಕೈಹಾಕುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ.

ಸರಿಯಲಾರದವರಿಗೆ ಇಳಿಜಾರು ಹಲಗೆಯುಳ್ಳ ವ್ಯಾನು ಬೇಕು. ಅಂಗಡಿಗೆ ಹೋಗುವ ಮುನ್ನ ಕುರ್ಚಿಯ ಅಗಲವನ್ನೂ, ಅದರಲ್ಲಿ ಕುಳಿತವರ ತಲೆಯವರೆಗಿನ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಬೆಳೆಯುವ ಮಗುವಾದರೆ ನಾಲ್ಕಾರು ಅಂಗುಲ ಹೆಚ್ಚಿಗೆ ಹಿಡಿಯಿರಿ. ವಾಹನದ ನೆಲ ಭೂಮಿಯಿಂದ 15 ಅಂಗುಲ ಎತ್ತರದಲ್ಲಿದ್ದರೆ 5 ಅಡಿಯ ಹಲಗೆ ಬಹಳ ಕಡಿದಾಗುತ್ತದೆ. ಏಳೂವರೆ ಅಡಿಯದಾದರೆ ತಳ್ಳುವುದು ಸುಲಭ. ಒಳಗೆ ಕುರ್ಚಿಯನ್ನು ಮುಂದಕ್ಕೆ ಮುಖಮಾಡಿ ನಿಲ್ಲಿಸಿ, ನಾಲ್ಕು ಕಡೆಯಿಂದ ಪಟ್ಟಿಗಳಿಂದ ನೆಲಕ್ಕೆ ಬಿಗಿಯಬೇಕು. ಕುಳಿತವರಿಗೆ ಬೇರೆ ಸೀಟ್ ಬೆಲ್ಟ್ ಅತ್ಯಗತ್ಯ. ಎರಡು ಕಿಲೋಮೀಟರ್ ದೂರವಷ್ಟೇ ಎಂದು ಇದನ್ನು ಬಿಡಬಾರದು.

ಇನ್ನು ಹಣದ ವಿಚಾರ. ತಿಂಗಳಿಗೆ ಎಷ್ಟು ಸಲ ಓಡಾಟವಿದೆ ಎಂದು ಎಣಿಸಿರಿ. ಎರಡು ಸಲ ಆಸ್ಪತ್ರೆಗೆ ಹೋಗುವುದಷ್ಟೇ ಇದ್ದರೆ ಬಾಡಿಗೆ ವಾಹನವೇ ಲೇಸು. ನಿತ್ಯವೂ ಶಾಲೆಗೋ ಕೆಲಸಕ್ಕೋ ಹೋಗುವುದಿದ್ದರೆ ಕೊಳ್ಳುವುದಕ್ಕೆ ಅರ್ಥವುಂಟು. ಮೂರು ಲಕ್ಷ ರೂಪಾಯಿಗಳನ್ನು ವರ್ಷಕ್ಕೆ ನೂರಕ್ಕೆ 10ರ ಬಡ್ಡಿಯಲ್ಲಿ ಬ್ಯಾಂಕಿನಿಂದ ಪಡೆದಿರೆಂದು ಇಟ್ಟುಕೊಳ್ಳೋಣ. ಮೂರು ವರ್ಷದ ಅವಧಿಯಾದರೆ ಮಾಸಿಕ ಕಂತು ಸುಮಾರು 9,680 ರೂಪಾಯಿ. ಐದು ವರ್ಷವಾದರೆ ಸುಮಾರು 6,375. ಕಂತು ಇಳಿದರೂ ಒಟ್ಟು ಬಡ್ಡಿ 48 ಸಾವಿರದಿಂದ 82 ಸಾವಿರಕ್ಕೆ ಏರುತ್ತದೆ. ಅದೇ ಹಣವನ್ನು ಊರಿನಲ್ಲಿ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 9,000 ರೂಪಾಯಿ ಬರಿಯ ಬಡ್ಡಿಗೇ ಹೋಗುತ್ತದೆ, ಅಸಲು ಹಾಗೆಯೇ ಉಳಿಯುತ್ತದೆ! ಸುಗ್ಗಿಯ ಹಣವನ್ನು ನಂಬಿ ಮಾಸಿಕ ಕಂತು ಒಪ್ಪಿಕೊಳ್ಳಬೇಡಿ. ಹಾಲಿನ ಡೈರಿಯ ಪಾವತಿ, ಸಂಬಳ ಮುಂತಾದ ನಿಯತ ಆದಾಯದಿಂದ ಕಂತು ಸಲ್ಲುವಂತಿರಬೇಕು; ಡೀಸೆಲ್, ವಿಮೆ, ದುರಸ್ತಿಗಳಿಗೂ ಉಳಿಯಬೇಕು.

ವಿಕಲಚೇತನರಿಗೆ ರಿಯಾಯಿತಿ ಸಾಲ ನೀಡಲು 1997ರಲ್ಲಿ ರಾಷ್ಟ್ರೀಯ ನಿಗಮವೊಂದು ಸ್ಥಾಪಿತವಾಗಿದೆ. ನಿಮ್ಮ ಉದ್ದೇಶವು ಅದರ ನಿಯಮಗಳಿಗೆ ಒಳಪಡುವುದೇ ಎಂದು ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಲ್ಲಿ ವಿಚಾರಿಸಿರಿ. ವಿಶಿಷ್ಟ ಗುರುತಿನ ಚೀಟಿಯನ್ನು ಮೊದಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು. ಹಿಂದೆ ನೂರಕ್ಕೆ 40 ಅಥವಾ ಹೆಚ್ಚಿನ ಚಲನವೈಕಲ್ಯವುಳ್ಳವರಿಗೆ ರಿಯಾಯಿತಿಯಾಗಿ ದೊರೆಯುತ್ತಿದ್ದ ನೂರಕ್ಕೆ 18ರ ತೆರಿಗೆ ದರವು 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರು ಕೊಳ್ಳುವ ಎಲ್ಲರಿಗೂ ಅನ್ವಯವಾಗಿದೆ. ಆದುದರಿಂದ ಆ ದರವನ್ನು ಕೊಡಿಸುವೆನೆಂದು ಹಣ ಕೇಳುವ ಮಧ್ಯವರ್ತಿಗಳನ್ನು ದೂರವಿಡಿ.

ಹಳೆಯ ವ್ಯಾನು ಕೊಂಡು ಮಾರ್ಪಡಿಸುವುದಾದರೆ, 1988ರ ಮೋಟಾರು ವಾಹನ ಕಾಯಿದೆಯಂತೆ ಸಾರಿಗೆ ಕಚೇರಿಯ ಅನುಮತಿ ಪಡೆದು ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ನಮೂದಿಸಬೇಕು. ವಿಮೆಯವರಿಗೂ ತಿಳಿಸಬೇಕು. ರಸ್ತೆ ತೆರಿಗೆಯ ವಿನಾಯಿತಿಯ ಬಗ್ಗೆ ಅದೇ ಕಚೇರಿಯಲ್ಲಿ ಕೇಳಿರಿ.

ಮುಂಗಡ ಕೊಡುವ ಮುನ್ನ ವಾಹನವನ್ನು ಮನೆಯ ಬಾಗಿಲಿಗೆ ತರಿಸಿ. ಕುರ್ಚಿಯವರನ್ನು ಹತ್ತಿಸಿ, ಊರಿನ ಹೊಂಡ ಬಿದ್ದ ದಾರಿಯಲ್ಲಿ ಒಂದು ಸುತ್ತು ಕರೆದೊಯ್ದು, ಇಳಿಸಿ ನೋಡಿರಿ. ಹತ್ತಿಸುವ ಕೆಲಸವನ್ನು ಅಂಗಡಿಯ ಹುಡುಗರಿಗೆ ಬಿಡದೆ, ದಿನವೂ ಮಾಡಬೇಕಾದವರೇ ಮಾಡಿ ನೋಡತಕ್ಕದ್ದು.