ಮಣ್ಣಿಗೆ ಎಷ್ಟು, ನಮಗೆ ಎಷ್ಟು

ಅಧ್ಯಕ್ಷರೆ, ವಿಶ್ವವಿದ್ಯಾಲಯಗಳಿಂದ ಬಂದಿರುವ ಸಂಶೋಧಕ ಮಿತ್ರರೆ, ಹೊಲಮನೆಯ ಕೆಲಸ ಬಿಟ್ಟು ಕರ್ನಾಟಕದಿಂದ ವಡೋದರಾಕ್ಕೆ ಬಂದಿರುವ ರೈತ ಬಂಧುಗಳೆ, ಅಹಮದಾಬಾದ್, ಸೂರತ್‌ಗಳಿಂದ ಬಂದು ಸೇರಿಕೊಂಡಿರುವ ಇಲ್ಲಿನ ಕನ್ನಡಿಗರೆ,

ಈ ವಿಚಾರ ಸಂಕಿರಣದ ಆಹ್ವಾನ ಪತ್ರಿಕೆಯಲ್ಲಿ ತತ್ವಚಿಂತನೆ, ಪರಂಪರೆಯ ಅರಿವು, ಸಣ್ಣ ಹಿಡುವಳಿಯ ಕೃಷಿ ಎಂಬ ಮೂರು ಮಾತುಗಳು ಅಕ್ಕಪಕ್ಕದಲ್ಲಿ ಕೂತಿವೆ. ಹೊಲಕ್ಕೆ ಇಳಿದ ಮೇಲೆ ಅವು ಒಟ್ಟಿಗೆ ಇರುವುದು ಅಪರೂಪ. ಬೆಳಗ್ಗೆ ಉಪನಿಷತ್ತಿನ ಬಗ್ಗೆ ಮಾತಾಡಿದವರು ಮಧ್ಯಾಹ್ನ ಯೂರಿಯಾ ಚೀಲ ಬಿಚ್ಚುವುದನ್ನು ನಾವೆಲ್ಲ ಕಂಡಿದ್ದೇವೆ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಬೇಸಾಯಗಾರನಿಗೆ ತತ್ವವೆಂದರೆ ಕೊನೆಗೂ ಒಂದೇ ಪ್ರಶ್ನೆ ಎಂದು ನಾನು ತಿಳಿದಿದ್ದೇನೆ: ಭೂಮಿಯಿಂದ ಎಷ್ಟನ್ನು ತೆಗೆದುಕೊಳ್ಳುವ ಹಕ್ಕು ನನಗಿದೆ, ಏನನ್ನು ನಾನು ಹಿಂದಿರುಗಿಸಬೇಕು? ಈ ಎರಡು ದಿನ ಚರ್ಚೆ ಎತ್ತ ಹರಿದರೂ ಈ ಪ್ರಶ್ನೆಯ ಕೈ ಬಿಡಬೇಡಿ ಎಂಬುದೇ ನನ್ನ ಆಶಯ. ಇದಕ್ಕೆ ಗುಜರಾತಿನಲ್ಲಿ ಗುದ್ದಲಿ ಹಿಡಿದು ಉತ್ತರ ಹುಡುಕಿದವರೂ ಇದ್ದಾರೆ, ಲೆಕ್ಕದ ಪುಸ್ತಕ ಹಿಡಿದು ಹುಡುಕಿದವರೂ ಇದ್ದಾರೆ.

ಗುದ್ದಲಿ ಹಿಡಿದವರು ಭಾಸ್ಕರ ಸಾವೆ. ಸೂರತ್‌ನಿಂದ ಮುಂಬೈ ಕಡೆಗೆ ಹೋದರೆ ಗುಜರಾತಿನ ಗಡಿ ಮುಗಿಯುವಲ್ಲಿ ವಲ್ಸಾಡ್ ಜಿಲ್ಲೆಯ ಉಂಬರ್‌ಗಾಂವ್ ಸಿಗುತ್ತದೆ. ಅದರ ಬಳಿಯ ದೇಹ್ರಿ ಎಂಬ ಕರಾವಳಿ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದರು. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದುಕೊಂಡೇ ಬೇಸಾಯ ಮಾಡಿದರು. ಐವತ್ತರ ದಶಕದಲ್ಲಿ ರಸಗೊಬ್ಬರ ಬಳಸಿ ಇಳುವರಿ ಹೆಚ್ಚಿಸಿದರು. ಅಕ್ಕಪಕ್ಕದವರಿಗೂ ಅದನ್ನು ಮಾರುವ ಏಜೆಂಟರಾದರು. ಆದರೆ ವರ್ಷದ ಕೊನೆಗೆ ಲೆಕ್ಕ ನೋಡಿದಾಗ ಇಳುವರಿ ಉಳಿಸಿಕೊಳ್ಳುವುದಕ್ಕೇ ಖರ್ಚು ಏರುತ್ತಿತ್ತು, ಕೈಯಲ್ಲಿ ಉಳಿಯುವುದು ಕಡಿಮೆಯಾಗುತ್ತಿತ್ತು. ಗಾಂಧಿ ಮತ್ತು ವಿನೋಬಾ ಅವರ ವಿಚಾರಗಳನ್ನು ಮನಸ್ಸಿಗೆ ಹಚ್ಚಿಕೊಂಡಿದ್ದ ಆ ಮೇಷ್ಟರು ಆಮೇಲೆ ಹಂತಹಂತವಾಗಿ ರಾಸಾಯನಿಕಗಳನ್ನು ಬಿಟ್ಟರು. ಹದಿನಾಲ್ಕು ಎಕರೆಯ ಆ ತೋಟದ ಹೆಸರು ಕಲ್ಪವೃಕ್ಷ. ಜಪಾನಿನ ಮಸನೊಬು ಫುಕುವೋಕ ಅವರೇ ಬಂದು ನೋಡಿ ಮೆಚ್ಚಿದ ತೋಟ ಅದು. ತೇಜಸ್ವಿಯವರ ‘ಸಹಜ ಕೃಷಿ’ಯ ಮೂಲಕ ಫುಕುವೋಕ ಅವರನ್ನು ಅರಿತ ಕನ್ನಡದ ಓದುಗರಿಗೆ ಈ ಕೊಂಡಿ ಹೊಸದಿರಬಹುದು. ಸಾವೆಯವರು 2015ರಲ್ಲಿ ತೀರಿಕೊಂಡರು.

ಅವರ ವಿಚಾರ ಬಹಳ ಸರಳ. ಗಿಡದ ಹಣ್ಣು, ಕಾಳು ನಮ್ಮ ಪಾಲು. ತೂಕದಲ್ಲಿ ನೋಡಿದರೆ ಅದು ಗಿಡದ ಒಂದು ಸಣ್ಣ ಭಾಗ ಮಾತ್ರ. ಎಲೆ, ಕಡ್ಡಿ, ಸೋಗೆ, ಹುಲ್ಲು ಎಲ್ಲವೂ ಮಣ್ಣಿನ ಪಾಲು. ಅದನ್ನೂ ಬಾಚಿ ಸುಟ್ಟು, ಆಮೇಲೆ ಅಂಗಡಿಯಿಂದ ಗೊಬ್ಬರ ತಂದು ಸುರಿಯುವುದು ಅವರ ಕಣ್ಣಿಗೆ ಮಣ್ಣಿನ ಆಸ್ತಿ ಕದ್ದು ಸಾಲ ತೀರಿಸಿದಂತೆ. ಪಡೆದದ್ದನ್ನು ಮರಳಿಸದೆ ಉಣ್ಣುವವನನ್ನು ಭಗವದ್ಗೀತೆಯ ಮೂರನೆಯ ಅಧ್ಯಾಯ ಕಳ್ಳನೆಂದು ಕರೆಯುತ್ತದೆ. ಆ ಮಾತನ್ನು ಪ್ರವಚನದಲ್ಲಿ ಕೇಳಿ ತಲೆದೂಗುವುದು ಸುಲಭ. ಉದುರಿದ ಸೋಗೆಯನ್ನು ಉದುರಿದಲ್ಲೇ ಬಿಡುವ ಧೈರ್ಯ ತೋಟದಲ್ಲಿ ಬೇಕಾಗುತ್ತದೆ, ಅದರಲ್ಲೂ ನಿಮ್ಮ ತೋಟ ಗಲೀಜಾಗಿದೆ ಎಂದು ನೆಂಟರು ಬಂದು ಹೇಳುವಾಗ.

ನೀರಿನ ವಿಷಯದಲ್ಲಂತೂ ಅವರ ತತ್ವ ನೆಲದ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ನಾವು ತೆಂಗಿನ ಬುಡದಲ್ಲಿ ಪಾತಿ ಮಾಡಿ ನೀರು ನಿಲ್ಲಿಸುತ್ತೇವೆ. ಸಾವೆಯವರು ಮರಗಳನ್ನು ಎತ್ತರದ ದಿಂಡಿನ ಮೇಲೆ ಬೆಳೆಸಿ, ದೂರ ದೂರಕ್ಕೆ ಕಾಲುವೆ ತೋಡಿ, ಅದರಲ್ಲಿ ಮಾತ್ರ ನೀರು ಬಿಟ್ಟರು. ಬೇರಿಗೆ ಬೇಕಾದದ್ದು ತೇವ, ನಿಂತ ನೀರಲ್ಲ. ನಿಂತ ನೀರು ಬೇರಿನ ಉಸಿರು ಕಟ್ಟುತ್ತದೆ ಎಂಬುದು ಅವರ ಅನುಭವ. ಬುಡ ಒಣಗಿದ್ದರೆ ಬೇರು ತೇವ ಹುಡುಕಿಕೊಂಡು ದೂರ ಹೋಗುತ್ತದೆ, ಹೋದಷ್ಟೂ ಮರ ಗಟ್ಟಿಯಾಗುತ್ತದೆ. ಕಾಲುವೆಗೆ ಬಿದ್ದ ತರಗೆಲೆ ಅಲ್ಲೇ ಕೊಳೆತು ಎರೆಹುಳುವಿಗೆ ಅನ್ನವಾಗುತ್ತದೆ. ಮರಕ್ಕೆ ವರ್ಷಕ್ಕೆ 350ಕ್ಕೂ ಹೆಚ್ಚು ಕಾಯಿ ಸಿಗುತ್ತದೆಂದು ಅವರ ಲೆಕ್ಕ. ತಿಪಟೂರು, ಅರಸೀಕೆರೆ ಕಡೆಯಿಂದ ಬಂದವರಿಗೆ ಈ ಅಂಕಿ ನಂಬುವುದು ಕಷ್ಟ. ನಂಬಬೇಡಿ. ನಾಡಿದ್ದು ನಾವೆಲ್ಲ ದೇಹ್ರಿಗೆ ಹೋಗುತ್ತಿದ್ದೇವೆ, ಗೊನೆ ಎಣಿಸಿ ನೋಡಿ. ಅಲ್ಲಿನ ಮಳೆ, ಕರಾವಳಿಯ ಮಣ್ಣು ಬೇರೆ ಎಂಬುದನ್ನೂ ಬರೆದುಕೊಳ್ಳಿ.

ಇನ್ನು ಲೆಕ್ಕದ ಪುಸ್ತಕ ಹಿಡಿದವರು ಜೆ. ಸಿ. ಕುಮಾರಪ್ಪ. ತಂಜಾವೂರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಲೆಕ್ಕಪರಿಶೋಧನೆ ಕಲಿತು, ಅಮೆರಿಕದ ಕೊಲಂಬಿಯಾದಲ್ಲಿ ಓದಿದ ಇವರು 1929ರಲ್ಲಿ ಸಾಬರಮತಿಗೆ ಬಂದು ಗಾಂಧಿಯವರನ್ನು ಕಂಡರು. ಗಾಂಧಿ ಅವರಿಗೆ ಒಪ್ಪಿಸಿದ್ದು ಖೇಡಾ ಜಿಲ್ಲೆಯ ಮಾತರ್ ತಾಲ್ಲೂಕಿನ ಸಮೀಕ್ಷೆ. ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳನ್ನು ಕರೆದುಕೊಂಡು ಹಳ್ಳಿ ಹಳ್ಳಿ ಸುತ್ತಿ, ರೈತನ ಆದಾಯವೆಷ್ಟು, ಸಾಲವೆಷ್ಟು, ಕಂದಾಯವೆಷ್ಟು ಎಂದು ಬರೆದುಕೊಂಡರು. 1945ರಲ್ಲಿ ‘ಶಾಶ್ವತ ಅರ್ಥವ್ಯವಸ್ಥೆ’ ಎಂಬ ಅರ್ಥದ ಹೆಸರಿನ ಇಂಗ್ಲಿಷ್ ಪುಸ್ತಕ ಪ್ರಕಟಿಸಿದ ಚಿಂತಕ, ಅದಕ್ಕೂ ಮೊದಲು ಬಡ ರೈತನ ಜಗುಲಿಯ ಮೇಲೆ ಕೂತು ಪೈಸೆ ಪೈಸೆ ಎಣಿಸಿದ್ದ. ತತ್ವಶಾಸ್ತ್ರದ ವಿಭಾಗಗಳಿಂದ ಬಂದಿರುವ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೆ: ಈ ಕ್ರಮ ತಪ್ಪದಿರಲಿ. ಮೊದಲು ಜಗುಲಿ, ಆಮೇಲೆ ಸಿದ್ಧಾಂತ.

ಪರಂಪರೆಯ ಬಗ್ಗೆ ಒಂದು ಕಹಿ ಮಾತನ್ನೂ ಹೇಳಬೇಕು. ಸೂರತ್ ಸೀಮೆಯಲ್ಲಿ ಹಾಲಿ ಪದ್ಧತಿ ಇತ್ತು. ಮದುವೆಗೆಂದು ಮಾಡಿದ ಸಾಲಕ್ಕೆ ದುಬಳಾ ಸಮುದಾಯದ ಆಳು ತಲೆತಲಾಂತರ ಭೂಮಾಲೀಕನ ಹೊಲದಲ್ಲಿ ದುಡಿಯುತ್ತಿದ್ದ. ಅವನ ಹೆಂಡತಿ ಮಾಲೀಕನ ಮನೆಗೆಲಸ ಮಾಡುತ್ತಿದ್ದಳು. ಸಮಾಜಶಾಸ್ತ್ರಜ್ಞ ಯಾನ್ ಬ್ರೆಮನ್ ಅವರು ಅರವತ್ತರ ದಶಕದಿಂದ ಇದನ್ನು ಅಧ್ಯಯನ ಮಾಡಿದ್ದಾರೆ. ನಮ್ಮಲ್ಲಿ ಜೀತ ಇದ್ದಂತೆಯೇ ಇದು. ಅದೇ ಸೀಮೆಯ ರೈತರು ನಡೆಸಿದ 1928ರ ಬಾರ್ಡೋಲಿ ಸತ್ಯಾಗ್ರಹವನ್ನು ಹೆಮ್ಮೆಯಿಂದ ನೆನೆಯುವ ನಾವು, ಆ ಹೊಲಗಳಲ್ಲಿ ಬಗ್ಗಿ ದುಡಿದವರು ಯಾರು ಎಂದೂ ಕೇಳಬೇಕು. ಮಣ್ಣಿಗೆ ಹಿಂದಿರುಗಿಸಿ, ಆಳಿನ ಮೈಯಿಂದ ಸುಲಿದುಕೊಳ್ಳುವ ಬೇಸಾಯವನ್ನು ಸುಸ್ಥಿರವೆಂದು ನಾನು ಕರೆಯಲಾರೆ.

ಅರಿವನ್ನು ಪಡೆಯುವಾಗಲೂ ಇದೇ ನ್ಯಾಯ. ನಾವು ಹಳ್ಳಿಗೆ ಹೋಗಿ ಅಜ್ಜಿಯಿಂದ ಬೀಜದ ಗುಟ್ಟು ಕೇಳಿಕೊಂಡು ಬಂದು ಪ್ರಬಂಧ ಬರೆಯುತ್ತೇವೆ. ಅಜ್ಜಿಯ ಹೆಸರು ಅಡಿಟಿಪ್ಪಣಿಯಲ್ಲೂ ಇರುವುದಿಲ್ಲ. ಅಹಮದಾಬಾದಿನ ಪ್ರೊ. ಅನಿಲ್ ಗುಪ್ತಾ ಮತ್ತು ಸಂಗಡಿಗರು ಎಂಬತ್ತರ ದಶಕದ ಕೊನೆಗೆ ಹನಿಬೀ ಜಾಲ ಕಟ್ಟಿದಾಗ ಇಟ್ಟುಕೊಂಡ ನಿಯಮ, ಅರಿವು ಕೊಟ್ಟವರನ್ನು ಹೆಸರಿಸಬೇಕು, ಅವರ ಭಾಷೆಯಲ್ಲೇ ಅದನ್ನು ಅವರಿಗೆ ಮರಳಿ ತಲುಪಿಸಬೇಕು ಎಂಬುದು. ಆ ಜಾಲದ ಪತ್ರಿಕೆಯ ಕನ್ನಡ ರೂಪವಾಗಿ ನಮ್ಮಲ್ಲಿ ‘ಹಿತ್ತಲಗಿಡ’ ಬಂತು. ಚಾವುಂಡರಾಯನು 1025ರ ಸುಮಾರಿಗೆ ‘ಲೋಕೋಪಕಾರ’ದಲ್ಲಿ ಅಂತರ್ಜಲ, ವೃಕ್ಷಾಯುರ್ವೇದ, ಅಡುಗೆ ಎಲ್ಲವನ್ನೂ ಕನ್ನಡದಲ್ಲೇ ಬರೆದಿಟ್ಟದ್ದೂ ಇದೇ ಕಾಳಜಿಯಿಂದ ಎಂದು ನನಗನ್ನಿಸುತ್ತದೆ. ಆ ಪುಸ್ತಕದ ಹೇಳಿಕೆಗಳನ್ನು ಕಣ್ಣಿಗೊತ್ತಿಕೊಳ್ಳುವ ಬದಲು ನಮ್ಮ ತೋಟದಲ್ಲಿ ಪರೀಕ್ಷಿಸಿ ನೋಡುವುದೇ ಅವನಿಗೆ ಸಲ್ಲಿಸುವ ಗೌರವ.

ನಾವು ಕೂತಿರುವ ಈ ವಡೋದರಾದಲ್ಲಿ ಅರವತ್ತರ ದಶಕದಿಂದ ದೊಡ್ಡ ರಸಗೊಬ್ಬರ ಕಾರ್ಖಾನೆ ಇದೆ. ಇದೇ ಊರಿನ ಗೋತ್ರಿಯ ವಿನೋಬಾ ಆಶ್ರಮದಲ್ಲಿ ಸಾವಯವ ಕೃಷಿಗಾಗಿ ದುಡಿಯುವ ಜತನ್ ಸಂಸ್ಥೆಯೂ ಇದೆ. ಸೂರತ್ ಕಡೆ ಉಕಾಯ್–ಕಾಕ್ರಾಪಾರ್ ಕಾಲುವೆಯ ನೀರು ಬಂದ ಮೇಲೆ ಕಬ್ಬು ಹಬ್ಬಿತು, ಜೊತೆಗೆ ಸವಳು-ಜವಳೂ ಬಂತು. ತುಂಗಭದ್ರಾ ಅಚ್ಚುಕಟ್ಟಿನಿಂದ ಬಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2022ರಲ್ಲಿ ಇದೇ ಸೂರತ್‌ನಲ್ಲಿ ನೈಸರ್ಗಿಕ ಕೃಷಿ ಸಮಾವೇಶ ನಡೆದು, ಪಂಚಾಯಿತಿಗೆ 75 ರೈತರಂತೆ ಸೇರಿಸಿಕೊಂಡ ಮಾದರಿಯನ್ನು ದೇಶಕ್ಕೆ ತೋರಿಸಲಾಯಿತು. ಸರ್ಕಾರ ಇತ್ತ ತಿರುಗಿದ್ದು ಒಳ್ಳೆಯದೇ. ಆದರೆ ರೈತರ ತಲೆ ಎಣಿಸಿದರೆ ಸಾಲದು. ಐದು ವರ್ಷದ ನಂತರ ಅವರ ಮಣ್ಣು ಹೇಗಿದೆ, ಸಾಲ ಎಷ್ಟಿದೆ ಎಂದು ಕುಮಾರಪ್ಪನವರ ಹಾಗೆ ಮನೆಮನೆಗೆ ಹೋಗಿ ಬರೆಯುವವರು ಬೇಕು. ಈ ಸಭೆಯಲ್ಲಿರುವ ಯುವ ಸಂಶೋಧಕರು ಆ ಕೆಲಸಕ್ಕೆ ಇಳಿಯಬೇಕು.

ಕೊನೆಯದಾಗಿ, ನನಗೆ ಉತ್ತರ ಸಿಗದ ಪ್ರಶ್ನೆಯೊಂದನ್ನು ನಿಮ್ಮ ಮುಂದಿಡುತ್ತೇನೆ. ಸಾವೆಯವರು ಅಲ್ಪಜೀವಿ, ಮಧ್ಯಜೀವಿ, ದೀರ್ಘಜೀವಿ ಎಂದು ಗಿಡಗಳನ್ನು ಒಟ್ಟಿಗೆ ಬೆಳೆಸಿದರು. ತರಕಾರಿ, ಕಾಳು ಮೊದಲು ಕೈಗೆ ಬರುತ್ತದೆ, ಆಮೇಲೆ ಬಾಳೆ, ಪಪ್ಪಾಯಿ, ಅದರ ನೆರಳಲ್ಲಿ ಎದ್ದ ತೆಂಗು, ಸಪೋಟ ವರ್ಷಗಳ ನಂತರ. ಸ್ವಂತ ನೆಲ ಇರುವವನಿಗೆ ಇದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ. ಆದರೆ ವರ್ಷಕ್ಕೊಮ್ಮೆ ಗುತ್ತಿಗೆ ಬದಲಾಗುವ ಒಂದು ಎಕರೆ ಮಾಡುವವನು ದೀರ್ಘಜೀವಿಯನ್ನು ಯಾವ ನಂಬಿಕೆಯ ಮೇಲೆ ನೆಡಬೇಕು? ಮಣ್ಣಿಗೆ ಅವನು ಹಿಂದಿರುಗಿಸಿದ್ದು ಮುಂದಿನ ವರ್ಷ ಇನ್ನೊಬ್ಬನ ಪಾಲಾಗುತ್ತದೆ. ನಾಳೆಯ ಮೂರನೇ ಗೋಷ್ಠಿ ಗೇಣಿ, ಗುತ್ತಿಗೆಗಳ ಬಗ್ಗೆ ಇದೆ, ಅದಕ್ಕೆ ಒಂದು ಗಂಟೆ ಮಾತ್ರ ಕೊಟ್ಟಿದ್ದಾರೆ. ಉಳಿದ ಗೋಷ್ಠಿಗಳನ್ನು ಸ್ವಲ್ಪ ಮೊಟಕು ಮಾಡಿಯಾದರೂ ಅದಕ್ಕೆ ಇಡೀ ಮಧ್ಯಾಹ್ನ ಕೊಡಿ ಎಂದು ಸಂಘಟಕರನ್ನು ಕೇಳಿಕೊಳ್ಳುತ್ತೇನೆ.